ಮೂರು ಕಿಲೋ ರಾಗಿಯಲ್ಲಿ ಒಂದು ಸಾಸಿವೆ ಕಾಳು

ಆರು ಸುತ್ತು ಕೀಮೋ ಮುಗಿದಿದೆ. ಕುತ್ತಿಗೆಯ ಗಂಟು ಕರಗಿದೆ, ರಾತ್ರಿ ಬೆವರುವುದು ನಿಂತಿದೆ, ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತಿದ್ದ ಜಾಗಗಳೆಲ್ಲ ಮಂಕಾಗಿವೆ. ‘ಕಂಪ್ಲೀಟ್ ರೆಮಿಷನ್’ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆ ಚೀಟಿ ಹಿಡಿದುಕೊಂಡು ಮನೆಯವರು ಕೇಳುವುದು ಒಂದೇ ಮಾತು: ‘ಪೂರ್ತಿ ಹೋಯ್ತಾ ಡಾಕ್ಟ್ರೇ?’ ಇದಕ್ಕೆ ‘ಹೌದು’ ಎನ್ನಲು ಯಾವ ಒಳ್ಳೆಯ ವೈದ್ಯರಿಗೂ ನಾಲಿಗೆ ಬರುವುದಿಲ್ಲ. ‘ಸದ್ಯಕ್ಕೆ ಏನೂ ಕಾಣ್ತಾ ಇಲ್ಲ’ ಎನ್ನುತ್ತಾರೆ. ಕಾಣುವುದಕ್ಕೂ ಇರುವುದಕ್ಕೂ ನಡುವಿನ ಅಂತರ ಅವರಿಗೆ ಗೊತ್ತು. ಲಿಂಫೋಮಾ ಎಂಬ ಈ ಕ್ಯಾನ್ಸರಿನಲ್ಲಿ ಆ ಅಂತರವನ್ನು ಅಳೆಯಲು ಕಳೆದ ಮೂರೂವರೆ ದಶಕಗಳಿಂದ ನಡೆದಿರುವ ಕೆಲಸವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸ್ಕ್ಯಾನಿನ ಮಿತಿ. ಪೆಟ್ ಸ್ಕ್ಯಾನಿಗೆ ಮುಂಚೆ ಸಕ್ಕರೆಯನ್ನು ಹೋಲುವ ವಿಕಿರಣಶೀಲ ದ್ರವ್ಯವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹಸಿದ ಕೋಶಗಳು ಅದನ್ನು ಹೆಚ್ಚು ಹೀರುತ್ತವೆ, ಹೀರಿದ ಕಡೆ ಚಿತ್ರದಲ್ಲಿ ಹೊಳೆಯುತ್ತದೆ. ಎದೆಯ ನಡುವಿನ ರಕ್ತನಾಳ ಮತ್ತು ಯಕೃತ್ತಿನ ಹೊಳಪಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ ಹಾಕುತ್ತಾರೆ. ರಿಪೋರ್ಟಿನಲ್ಲಿ ‘ಡೋವಿಲ್ ಸ್ಕೋರ್’ ಎಂದಿರುವುದು ಇದೇ. ಆದರೆ ಕೆಲವೇ ಮಿಲಿಮೀಟರಿನ ಗುಂಪು ಸ್ಕ್ಯಾನಿನ ಕಣ್ಣಿಗೆ ಬೀಳುವುದಿಲ್ಲ. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಹತ್ತಾರು ಕೋಟಿ ಕೋಶಗಳಿರುತ್ತವೆ ಎಂದುಕೊಂಡರೆ, ಸ್ಕ್ಯಾನ್ ‘ಏನೂ ಇಲ್ಲ’ ಎಂದ ಮೇಲೂ ಮೈಯಲ್ಲಿ ಲಕ್ಷಾಂತರ ಕೋಶಗಳು ಅಡಗಿರಲು ಜಾಗವಿದೆ. ತಿರುವುಮುರುವು ಕೂಡ ಆಗುತ್ತದೆ. ಟಿಬಿ ಹೆಚ್ಚಿರುವ ನಮ್ಮ ದೇಶದಲ್ಲಿ ಟಿಬಿಯ ಗಂಟೂ ಪೆಟ್‌ನಲ್ಲಿ ಲಿಂಫೋಮಾದಷ್ಟೇ ಹೊಳೆದು, ರೋಗಿಯನ್ನೂ ವೈದ್ಯರನ್ನೂ ಹೆದರಿಸುವುದುಂಟು.

ಸ್ಕ್ಯಾನಿಗೂ ಸೂಕ್ಷ್ಮದರ್ಶಕಕ್ಕೂ ಸಿಗದೆ ಉಳಿದ ಈ ಕಾಯಿಲೆಗೆ ಎಂಆರ್‌ಡಿ ಎಂದು ಹೆಸರು. ಆ ‘ಎಂ’ ಅಕ್ಷರವನ್ನು ಮೊದಲು ‘ಮಿನಿಮಲ್’ ಎಂದು ಬಿಡಿಸುತ್ತಿದ್ದರು, ಅಂದರೆ ಅತ್ಯಲ್ಪ. ಈಗ ‘ಮೆಷರಬಲ್’ ಎನ್ನುವವರೇ ಹೆಚ್ಚು, ಅಂದರೆ ಅಳೆಯಲು ಸಿಗುವಷ್ಟು. ಈ ಬದಲಾವಣೆ ನನಗೆ ತುಂಬ ಪ್ರಾಮಾಣಿಕವಾಗಿ ಕಾಣುತ್ತದೆ. ಉಳಿದದ್ದು ಅಲ್ಪವೋ ಅಲ್ಲವೋ ಯಾರಿಗೆ ಗೊತ್ತು, ನಮ್ಮ ಕೈಯಳತೆಗೆ ಸಿಕ್ಕಿತೋ ಇಲ್ಲವೋ ಎಂದಷ್ಟೇ ಹೇಳಬಹುದು.

ಅಳತೆಯ ಅಂದಾಜಿಗೆ ಅಡುಗೆಮನೆಗೆ ಬನ್ನಿ. ಸಾವಿರ ರಾಗಿ ಕಾಳು ತೂಗಿದರೆ ಹೆಚ್ಚೂಕಡಿಮೆ 3 ಗ್ರಾಂ. ರಾಗಿಯಲ್ಲಿ ಸಾಸಿವೆ ಬೆರೆತರೆ ಬೇರೆ ಮಾಡುವುದು ಎಷ್ಟು ಕಷ್ಟವೆಂದು ಮೊರ ಹಿಡಿದವರಿಗೆ ಗೊತ್ತು, ಗಾತ್ರವೂ ಬಣ್ಣವೂ ಹತ್ತಿರ ಹತ್ತಿರ. ಹತ್ತು ಸಾವಿರಕ್ಕೆ ಒಂದು ಎಂದರೆ ಒಂದು ಹಿಡಿ ರಾಗಿಯಲ್ಲಿ ಒಂದು ಸಾಸಿವೆ ಕಾಳು. ಲಕ್ಷಕ್ಕೆ ಒಂದು ಎಂದರೆ 300 ಗ್ರಾಂನಲ್ಲಿ ಒಂದು. ಹತ್ತು ಲಕ್ಷಕ್ಕೆ ಒಂದು ಎಂದರೆ ಮೂರು ಕಿಲೋದಲ್ಲಿ ಒಂದು. ಇಂದಿನ ಅತ್ಯುತ್ತಮ ಪರೀಕ್ಷೆಗಳು ಈ ಮೂರು ಕಿಲೋದ ಮಟ್ಟವನ್ನು ಮುಟ್ಟಿವೆ.

ಹುಡುಕುವುದಕ್ಕೆ ಮೊದಲು ಸಾಸಿವೆಯ ಗುರುತು ಗೊತ್ತಿರಬೇಕಲ್ಲ. ಲಿಂಫೋಮಾಗಳಲ್ಲಿ ಹೆಚ್ಚಿನವು ಹುಟ್ಟುವುದು ಬಿ ಕೋಶ ಎಂಬ ಬಿಳಿ ರಕ್ತಕಣದಿಂದ. ಈ ಬಿ ಕೋಶಕ್ಕೆ ದೇಹದ ಹೆಚ್ಚಿನ ಕೋಶಗಳಿಗಿಲ್ಲದ ಒಂದು ಅಭ್ಯಾಸವಿದೆ. ಪ್ರತಿಕಾಯ ತಯಾರಿಸುವ ತನ್ನ ವಂಶವಾಹಿಯನ್ನು ಅದು ಎಳೆವಯಸ್ಸಿನಲ್ಲೇ ಕತ್ತರಿಸಿ, ತುಂಡುಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಜೋಡಿಸುವ ಕಡೆಗಳಲ್ಲಿ ಡಿಎನ್‌ಎಯ ಕೆಲವು ಅಕ್ಷರಗಳನ್ನು ಬಿಡುತ್ತದೆ, ಕೆಲವನ್ನು ಸೇರಿಸುತ್ತದೆ. ಹೀಗಾಗಿ ಒಂದೊಂದು ಬಿ ಕೋಶದ ಜೋಡಣೆಯೂ ಬೇರೆ ಬೇರೆ. ಲೆಕ್ಕವಿಲ್ಲದಷ್ಟು ಸೋಂಕುಗಳಿಗೆ ನಮ್ಮ ಮೈ ಬೇರೆ ಬೇರೆ ಪ್ರತಿಕಾಯ ಹೊಂದಿಸಿಕೊಳ್ಳುವುದು ಇದೇ ಬಲದಿಂದ. ಇದನ್ನು ಬಯಲಿಗೆ ತಂದ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಸೋಂಕಿನ ವಿರುದ್ಧದ ಈ ಏರ್ಪಾಡೇ ಕ್ಯಾನ್ಸರ್ ಪತ್ತೆಗೂ ಒದಗಿತು. ಲಿಂಫೋಮಾ ಎಂದರೆ ಒಂದೇ ಬಿ ಕೋಶದ ಸಂತಾನ, ಆದ್ದರಿಂದ ಮೊದಲ ಕೋಶದ ಜೋಡಣೆ ಮಕ್ಕಳು ಮೊಮ್ಮಕ್ಕಳೆಲ್ಲರಲ್ಲೂ ಇರುತ್ತದೆ. ಆ ಜೋಡಣೆಯ ಅಕ್ಷರಮಾಲೆ ಓದಿಟ್ಟುಕೊಂಡರೆ ಆ ಒಬ್ಬ ರೋಗಿಯ ಆ ಒಂದು ಕಾಯಿಲೆಯ ಹೆಬ್ಬೆಟ್ಟಿನ ಗುರುತು ಸಿಕ್ಕಿದಂತೆ.

ಎರಡನೆಯ ಬಗೆಯ ಗುರುತು ವರ್ಣತಂತುಗಳ ಅದಲುಬದಲು. ಇದರಲ್ಲಿ ಫಾಲಿಕ್ಯುಲರ್ ಲಿಂಫೋಮಾದ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಈ ಕಾಯಿಲೆಯವರಲ್ಲಿ ಸುಮಾರು ನೂರಕ್ಕೆ 85 ಮಂದಿಯಲ್ಲಿ 14ನೆಯ ಮತ್ತು 18ನೆಯ ವರ್ಣತಂತುಗಳು ಮುರಿದು ಒಂದರ ತುದಿ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. 1980ರ ದಶಕದ ನಡುವೆ ಯೋಶಿಹಿದೆ ತ್ಸುಜಿಮೊತೊ ಮತ್ತು ಕಾರ್ಲೊ ಕ್ರೋಚೆ ಆ ಮುರಿತದ ಬಳಿ ಒಂದು ವಂಶವಾಹಿಯನ್ನು ಕಂಡು ಬಿಸಿಎಲ್-2 ಎಂದು ಕರೆದರು. 18ರಲ್ಲಿ ತನ್ನ ಪಾಡಿಗೆ ಇದ್ದ ಅದು, 14ರಲ್ಲಿ ಪ್ರತಿಕಾಯದ ವಂಶವಾಹಿಯ ಪಕ್ಕಕ್ಕೆ ಬಂದು ಬಿದ್ದಿತ್ತು. ಬಿ ಕೋಶದಲ್ಲಿ ಪ್ರತಿಕಾಯದ ವಂಶವಾಹಿ ಹಗಲಿರುಳು ದುಡಿಯುತ್ತದೆ, ಪಕ್ಕಕ್ಕೆ ಬಂದದ್ದೂ ಅದರ ಜೊತೆಗೆ ದುಡಿಯತೊಡಗಿತು. ಆಗ ಗೊತ್ತಿದ್ದ ಕ್ಯಾನ್ಸರ್ ವಂಶವಾಹಿಗಳು ಕೋಶವನ್ನು ಬೇಗ ಬೇಗ ಒಡೆಯುವಂತೆ ಮಾಡುತ್ತಿದ್ದವು. ಬಿಸಿಎಲ್-2ರ ದಾರಿಯೇ ಬೇರೆ. ಸಾಯಬೇಕಾದ ಕೋಶವನ್ನು ಅದು ಸಾಯಗೊಡುವುದಿಲ್ಲ ಎಂದು 1988ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ವಾಕ್ಸ್, ಸುಜೇನ್ ಕೋರಿ, ಜೆರ್ರಿ ಆಡಮ್ಸ್ ತೋರಿಸಿದರು. ಫಾಲಿಕ್ಯುಲರ್ ಲಿಂಫೋಮಾ ವರ್ಷಾನುಗಟ್ಟಲೆ ನಿಧಾನವಾಗಿ ಬೆಳೆಯುವುದು, ಹೋಯಿತು ಎಂದುಕೊಂಡ ಮೇಲೆ ಮರಳುವುದು ಏಕೆಂದು ಇದರಿಂದ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮ್ಯಾಂಟಲ್ ಸೆಲ್ ಲಿಂಫೋಮಾದಲ್ಲಿ ಇಂಥದೇ ಅದಲುಬದಲು 11 ಮತ್ತು 14ರ ನಡುವೆ ನಡೆಯುತ್ತದೆ. ಬರ್ಕಿಟ್ ಲಿಂಫೋಮಾದಲ್ಲಿ ಹೆಚ್ಚಾಗಿ 8 ಮತ್ತು 14ರ ನಡುವೆ.

ಮುರಿದು ಅಂಟಿದ ಕೀಲು ಆರೋಗ್ಯವಂತ ಕೋಶದಲ್ಲಿ ಇರುವುದಿಲ್ಲ, ಹಾಗಾಗಿ ಅದು ಖಚಿತ ಗುರುತು ಎಂದೇ ಎಲ್ಲರೂ ಮೊದಲು ಭಾವಿಸಿದ್ದರು. 1990ರ ದಶಕದಲ್ಲಿ ಆರೋಗ್ಯವಂತರ ರಕ್ತವನ್ನು ಅದೇ ಪರೀಕ್ಷೆಗೆ ಒಡ್ಡಿದಾಗ ಬೇರೆಯೇ ಚಿತ್ರ ಕಂಡಿತು. ವಯಸ್ಕರಲ್ಲಿ ಬಹಳಷ್ಟು ಜನರ ರಕ್ತದಲ್ಲಿ 14–18ರ ಕೀಲು ಹೊತ್ತ ಬಿ ಕೋಶಗಳು ತೀರ ಸಣ್ಣ ಪ್ರಮಾಣದಲ್ಲಿ ಓಡಾಡುತ್ತಿರುತ್ತವೆ, ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಲಿಂಫೋಮಾ ಬರುವುದೇ ಇಲ್ಲ. ಇದರ ಪಾಠ ನೇರವಾದದ್ದು: ‘14–18 ಇದೆ’ ಎಂಬ ಒಂದು ಸಾಲು ಸಾಲದು. ರೋಗಿಯ ಮೊದಲ ಗಡ್ಡೆಯಲ್ಲಿ ಯಾವ ಅಕ್ಷರದಲ್ಲಿ ಮುರಿತವಾಗಿತ್ತೋ ಅದೇ ಅಕ್ಷರದ ಮುರಿತ ಈಗಲೂ ಸಿಕ್ಕಿದೆಯೇ ಎಂದು ತಾಳೆ ನೋಡಬೇಕು.

ಇನ್ನು ಹುಡುಕುವ ಯಂತ್ರ. 1983ರಲ್ಲಿ ಕ್ಯಾರಿ ಮುಲ್ಲಿಸ್ ಅವರಿಗೆ ಹೊಳೆದ ಪಿಸಿಆರ್ ಇಲ್ಲದಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಗಳ ಬಾಯಲ್ಲೂ ಓಡಾಡಿದ ಹೆಸರು ಅದು. ಬೇಕಾದ ಡಿಎನ್‌ಎ ತುಂಡನ್ನು ಪ್ರತಿ ಸುತ್ತಿಗೂ ಇಮ್ಮಡಿ ಮಾಡುತ್ತ ಹೋದರೆ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ. ಅಂದರೆ ರಾಗಿಯನ್ನು ಹಾಗೇ ಬಿಟ್ಟು ಸಾಸಿವೆಯನ್ನಷ್ಟೇ ರಾಶಿಯಾಗಿ ಬೆಳೆಸುವ ವಿದ್ಯೆ. ಲಿಂಫೋಮಾದಲ್ಲಿ ಇದರ ಬೆಲೆ ಏನೆಂದು ತೋರಿಸಿದ್ದು 1991ರಲ್ಲಿ ಬಾಸ್ಟನ್ನಿನಿಂದ ಬಂದ ಅಧ್ಯಯನ. ಜಾನ್ ಗ್ರಿಬೆನ್ ಮತ್ತು ಸಂಗಡಿಗರು 14–18ರ ಕೀಲಿದ್ದ 114 ರೋಗಿಗಳನ್ನು ತೆಗೆದುಕೊಂಡರು. ಅವರದೇ ಅಸ್ಥಿಮಜ್ಜೆಯನ್ನು ಹೊರತೆಗೆದು, ಲಿಂಫೋಮಾ ಕೋಶಗಳನ್ನು ಪ್ರತಿಕಾಯಗಳಿಂದ ತೊಳೆದು, ಭಾರೀ ಚಿಕಿತ್ಸೆಯ ನಂತರ ಮೈಗೆ ಮರಳಿ ಕೊಡುವ ಕ್ರಮ ಅದು. ತೊಳೆದ ಮೇಲೆ ಪಿಸಿಆರ್ ಮಾಡಿದರೆ ಅರ್ಧದಷ್ಟು, ಅಂದರೆ 57 ಜನರ ಮಜ್ಜೆಯಲ್ಲಿ ಏನೂ ಸಿಗಲಿಲ್ಲ. ಉಳಿದ ಅರ್ಧದಲ್ಲಿ ಸಿಕ್ಕಿತು. ಆ 57 ಜನರಲ್ಲಿ ಕಾಯಿಲೆ ಮರಳಿದ್ದು ಬಹಳ ಕಡಿಮೆ. ಸೂಕ್ಷ್ಮದರ್ಶಕದಡಿ ಕಾಣದ ಒಂದು ವ್ಯತ್ಯಾಸ ರೋಗಿಯ ಮುಂದಿನ ವರ್ಷಗಳನ್ನು ಬೇರೆ ಮಾಡಿತ್ತು.

ಆಮೇಲೆ ಬಂದ ವಿಧಾನಗಳಲ್ಲಿ ಮೂರು ಈಗ ಬಳಕೆಯಲ್ಲಿವೆ. ಮೊದಲನೆಯದು ರೋಗಿಗೆಂದೇ ಹೊಲಿದ ಪಿಸಿಆರ್: ಅವರ ಗಡ್ಡೆಯ ಜೋಡಣೆ ಓದಿ, ಅದಕ್ಕಷ್ಟೇ ಅಂಟುವ ಡಿಎನ್‌ಎ ಚೂರನ್ನು ತಯಾರಿಸಿ ಹುಡುಕುವುದು. ಹತ್ತು ಸಾವಿರದಿಂದ ಲಕ್ಷದವರೆಗೆ ಒಂದನ್ನು ಹಿಡಿಯುತ್ತದೆ. ನಂಬಿಕೆಯದು, ಆದರೆ ಅಳತೆ ಕೊಟ್ಟು ಅಂಗಿ ಹೊಲಿಸಿದಂತೆ ಒಬ್ಬೊಬ್ಬರಿಗೂ ವಾರಗಟ್ಟಲೆ ಕೆಲಸ. ಎರಡನೆಯದು ಮಾದರಿಯನ್ನು ಸುಮಾರು 20,000 ಸಣ್ಣ ಹನಿಗಳಾಗಿ ಒಡೆದು, ಎಷ್ಟು ಹನಿಗಳಲ್ಲಿ ಗುರುತು ಹೊಳೆಯಿತು ಎಂದು ಎಣಿಸುವುದು. ಮೂರನೆಯದು ಹೊಸ ತಲೆಮಾರಿನ ಸೀಕ್ವೆನ್ಸಿಂಗ್. ಇದರಲ್ಲಿ ಮಾದರಿಯಲ್ಲಿರುವ ಎಲ್ಲ ಬಿ ಕೋಶಗಳ ಜೋಡಣೆಯನ್ನೂ ಒಟ್ಟಿಗೆ ಓದಿ, ಮೊದಲು ದಾಖಲಾದದ್ದು ಎಲ್ಲಿದೆ ಎಂದು ಹುಡುಕುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಹೊಲಿಗೆ ಬೇಕಿಲ್ಲ, ಹತ್ತು ಲಕ್ಷಕ್ಕೆ ಒಂದರವರೆಗೆ ಹೋಗಬಹುದು. ಈ ಬಗೆಯ ಪರೀಕ್ಷೆಯೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಕೆಲವು ರಕ್ತದ ಕ್ಯಾನ್ಸರುಗಳಿಗೆ ಒಪ್ಪಿಗೆ ಕೊಟ್ಟಿತು.

ಇಲ್ಲಿ ಜಾಹೀರಾತುಗಳು ಹೇಳದ ಒಂದು ಲೆಕ್ಕವಿದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಉಪಯುಕ್ತವೆನಿಸಿದ್ದು ಇದೇ. ಒಂದು ಕೋಶದ ಡಿಎನ್‌ಎ ತೂಕ ಸುಮಾರು 6.6 ಪಿಕೋಗ್ರಾಂ. ಪಿಸಿಆರ್‌ನ ಒಂದು ನಳಿಕೆಗೆ ಅರ್ಧ ಮೈಕ್ರೋಗ್ರಾಂ ಡಿಎನ್‌ಎ ಹಾಕಿದರೆ ಅದರಲ್ಲಿರುವುದು ಸುಮಾರು 75,000 ಕೋಶಗಳ ಸರಕು. ಮುಕ್ಕಾಲು ಲಕ್ಷ ಕಾಳು ಮಾತ್ರ ಮೊರಕ್ಕೆ ಸುರಿದುಕೊಂಡು ‘ಹತ್ತು ಲಕ್ಷಕ್ಕೆ ಒಂದನ್ನೂ ಹಿಡಿಯುತ್ತೇನೆ’ ಎನ್ನಲು ಯಾವ ಯಂತ್ರಕ್ಕೂ ಆಗದು. ಇನ್ನೂ ಒಂದು ಮಾತು: ದೊಡ್ಡ ರಾಶಿಯೊಂದರಲ್ಲಿ ಮೂರು ಕಿಲೋಗೆ ಒಂದರಂತೆ ಸಾಸಿವೆ ಇದ್ದರೆ, ಸರಿಯಾಗಿ ಮೂರು ಕಿಲೋ ಹೆಕ್ಕಿದರೆ ಅದು ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ, ಆ ರಾಶಿಯ ಬೇರೆ ಕಡೆ ಉಳಿದಿರಬಹುದು. ನೂರಕ್ಕೆ 95ರ ಖಾತರಿ ಬೇಕಾದರೆ ಮೂರು ಪಾಲು, ಅಂದರೆ ಒಂಬತ್ತು ಕಿಲೋ ಹೆಕ್ಕಬೇಕು. ಕೋಶದ ಲೆಕ್ಕದಲ್ಲಿ 30 ಲಕ್ಷ ಕೋಶ, ಸುಮಾರು 20 ಮೈಕ್ರೋಗ್ರಾಂ ಡಿಎನ್‌ಎ. ಹಾಗಾಗಿ ರಿಪೋರ್ಟಿನಲ್ಲಿ ‘ಕಂಡುಬಂದಿಲ್ಲ’ ಎಂದಿದ್ದರೆ ಪಕ್ಕದಲ್ಲೇ ಎಷ್ಟು ಕೋಶಗಳನ್ನು ನೋಡಿದರು, ಎಷ್ಟು ಆಳಕ್ಕೆ ನೋಡಿದರು ಎಂಬ ಅಂಕಿಯೂ ಇರಬೇಕು. ಆ ಅಂಕಿ ಇಲ್ಲದ ‘ಕಂಡುಬಂದಿಲ್ಲ’ ಅರ್ಧ ಉತ್ತರ.

ಇಷ್ಟೆಲ್ಲ ಹೇಳಿದ್ದು ರಕ್ತಕ್ಕೋ ಮಜ್ಜೆಗೋ ಇಳಿಯುವ ಲಿಂಫೋಮಾಗಳ ಮಾತು. ನಮ್ಮಲ್ಲಿ ಅತಿ ಹೆಚ್ಚು ಕಾಣುವ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ ಆ ಜಾತಿಯದಲ್ಲ. ಅದರ ಕೋಶಗಳು ಹೆಚ್ಚಾಗಿ ಗಂಟಿನಲ್ಲೇ ಕೂತಿರುತ್ತವೆ, ರಕ್ತದಲ್ಲಿ ಇಡಿಯ ಕೋಶ ಹುಡುಕಿದರೆ ಸಿಗುವುದು ಅಪರೂಪ. ಇಲ್ಲಿ ದಾರಿ ಮಾಡಿಕೊಟ್ಟದ್ದು ಸತ್ತ ಕೋಶಗಳು. ಕೋಶ ಸತ್ತಾಗ ಅದರ ಡಿಎನ್‌ಎ ಚೂರುಚೂರಾಗಿ ರಕ್ತರಸಕ್ಕೆ, ಅಂದರೆ ಪ್ಲಾಸ್ಮಾಕ್ಕೆ ಸೇರುತ್ತದೆ. ಒಂದೊಂದು ಚೂರು ಸುಮಾರು 166 ಅಕ್ಷರದ್ದು. ಮನುಷ್ಯರ ಪ್ಲಾಸ್ಮಾದಲ್ಲಿ ಇಂಥ ಚೂರುಗಳಿವೆ ಎಂದು ಫ್ರಾನ್ಸಿನ ಮಾಂಡೆಲ್ ಮತ್ತು ಮೆತೈ 1948ರಲ್ಲೇ ಹೇಳಿದ್ದರು, ಆದರೆ ಅದರ ಉಪಯೋಗ ತಿಳಿಯಲು ದಶಕಗಳು ಹಿಡಿದವು. ಈ ಚೂರುಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಒಂದೆರಡು ಗಂಟೆಯೊಳಗೆ ಅರ್ಧಕ್ಕರ್ಧ ಮಾಯವಾಗುತ್ತವೆ. ಆದ್ದರಿಂದ ಇಂದು ಸಿಕ್ಕ ಚೂರು ಇಂದಿನ ಸುದ್ದಿಯನ್ನೇ ಹೇಳುತ್ತದೆ.

2015ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ಈ ಕಾಯಿಲೆಯ 126 ರೋಗಿಗಳ ರಕ್ತವನ್ನು ಚಿಕಿತ್ಸೆಯ ನಂತರವೂ ಪರೀಕ್ಷಿಸುತ್ತ ಹೋದ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಮರಳಿದವರಲ್ಲಿ, ಬೇರೆ ರೀತಿಯಲ್ಲಿ ಅದು ಗೊತ್ತಾಗುವುದಕ್ಕೆ ಸರಾಸರಿ ಮೂರೂವರೆ ತಿಂಗಳು ಮೊದಲೇ ರಕ್ತದ ಚೂರುಗಳು ಸುಳಿವು ಕೊಟ್ಟಿದ್ದವು. ಸ್ಟ್ಯಾನ್‌ಫರ್ಡಿನ ತಂಡ 2018ರಲ್ಲಿ ಇನ್ನೂ ಮುಂಚಿನ ಸುಳಿವು ತೋರಿಸಿತು: ಮೊದಲ ಒಂದು ಸುತ್ತು ಕೀಮೋ ಆದ ಮೇಲೆ ಈ ಡಿಎನ್‌ಎ ನೂರು ಪಟ್ಟು ಇಳಿದವರ ಮುಂದಿನ ಹಾದಿ, ಅಷ್ಟು ಇಳಿಯದವರಿಗಿಂತ ಚೆನ್ನಾಗಿತ್ತು.

ಪ್ಲಾಸ್ಮಾದ ತೊಡಕು ಎಂದರೆ ಅದರಲ್ಲಿರುವ ಡಿಎನ್‌ಎ ತೀರ ಕಡಿಮೆ. 10 ನ್ಯಾನೋಗ್ರಾಂ ಎಂದರೆ ಸುಮಾರು 3,000 ಪ್ರತಿಗಳಷ್ಟೇ. ಮೂರು ಸಾವಿರ ಕಾಳಿನ ರಾಶಿಯಲ್ಲಿ ಹತ್ತು ಲಕ್ಷಕ್ಕೆ ಒಂದನ್ನು ಹುಡುಕುವುದು ಹೇಗೆ? ಒಂದೇ ಗುರುತಿನ ಬದಲು ಆ ಗಡ್ಡೆಯಲ್ಲಿ ಆಗಿರುವ ನೂರಾರು ಅಕ್ಷರ ಬದಲಾವಣೆಗಳನ್ನು ಒಟ್ಟಿಗೆ ಹುಡುಕುತ್ತಾರೆ, ಯಾವುದಾದರೊಂದು ಸಿಕ್ಕರೂ ಸುಳಿವು ಸಿಕ್ಕಂತೆ. ಆದರೆ ಓದುವ ಯಂತ್ರವೂ ತಪ್ಪು ಮಾಡುತ್ತದೆ. ಅದರ ಒಂದು ಓದಿನ ತಪ್ಪು ಗಡ್ಡೆಯ ಬದಲಾವಣೆಯಂತೆಯೇ ಕಾಣಬಹುದು. ಇದಕ್ಕೆ ಸ್ಟ್ಯಾನ್‌ಫರ್ಡ್ ತಂಡ 2021ರಲ್ಲಿ ಕೊಟ್ಟ ಉಪಾಯ ಬಹಳ ಚೆಲುವಾದದ್ದು. ಬಿ ಕೋಶದ ಲಿಂಫೋಮಾಗಳಲ್ಲಿ ಬದಲಾವಣೆಗಳು ಗುಂಪುಗುಂಪಾಗಿ ಅಕ್ಕಪಕ್ಕದಲ್ಲೇ ಆಗುತ್ತವೆ. ಒಂದೇ ಚೂರಿನಲ್ಲಿ ಮೊದಲೇ ಗೊತ್ತಿರುವ ಎರಡು ಬದಲಾವಣೆಗಳು ಜೊತೆಯಾಗಿ ಕಂಡರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಂತ್ರ ಒಮ್ಮೆ ತಪ್ಪಬಹುದು, ಒಂದೇ ಚೂರಿನಲ್ಲಿ ನಾವು ಹುಡುಕುವ ಎರಡೂ ಜಾಗಗಳಲ್ಲಿ ತಪ್ಪುವುದು ತೀರ ವಿರಳ.

ಹಾಡ್ಕಿನ್ ಲಿಂಫೋಮಾಕ್ಕೂ ಈ ಚೂರುಗಳೇ ಗತಿ. ಆ ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ನೂರಕ್ಕೆ ಒಂದರ ಆಸುಪಾಸು, ಮಿಕ್ಕದ್ದೆಲ್ಲ ಅವುಗಳ ಸುತ್ತ ನೆರೆದ ಸಂತೆ. ಇಬಿವಿ ಎಂಬ ವೈರಸ್ ಹೊತ್ತ ಲಿಂಫೋಮಾಗಳಲ್ಲಿ, ಮುಖ್ಯವಾಗಿ ಮೂಗಿನ ಭಾಗದಲ್ಲಿ ಬರುವ ಎನ್‌ಕೆ-ಟಿ ಬಗೆಯಲ್ಲಿ, ಪ್ಲಾಸ್ಮಾದಲ್ಲಿರುವ ಆ ವೈರಸ್ಸಿನ ಡಿಎನ್‌ಎಯನ್ನೇ ಅಳೆದು ಕಾಯಿಲೆಯ ಏರಿಳಿತ ನೋಡುತ್ತಾರೆ. ಇದ್ದುದರಲ್ಲಿ ಸರಳ ಪರೀಕ್ಷೆ ಇದು.

ಸರಿ, ಉಳಿಕೆ ಇದೆಯೋ ಇಲ್ಲವೋ ತಿಳಿಯಿತು. ಮುಂದೇನು? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎನ್ನಲು ಎರಡು ದೊಡ್ಡ ಪ್ರಯೋಗಗಳು ಸಾಕ್ಷಿ. ಇಟಲಿಯ ಫಾಲ್-12 ಪ್ರಯೋಗದಲ್ಲಿ ಫಾಲಿಕ್ಯುಲರ್ ಲಿಂಫೋಮಾದ 807 ಜನರಿದ್ದರು. ಅರ್ಧದಷ್ಟು ಜನರಿಗೆ ವಾಡಿಕೆಯಂತೆ ಎರಡು ವರ್ಷ ರಿಟುಕ್ಸಿಮ್ಯಾಬ್ ಎಂಬ ಔಷಧ ಮುಂದುವರಿಸಿದರು. ಇನ್ನರ್ಧಕ್ಕೆ ಪೆಟ್ ಮತ್ತು ಎಂಆರ್‌ಡಿ ನೋಡಿ ತೀರ್ಮಾನಿಸಿದರು. ಎರಡೂ ಚೆನ್ನಾಗಿದ್ದರೆ ಔಷಧ ನಿಲ್ಲಿಸಿ ಕಾದು ನೋಡುವುದು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷದ ಹೊತ್ತಿಗೆ ಕಾಯಿಲೆ ಮುಂದುವರಿಯದೆ ಇದ್ದವರು ವಾಡಿಕೆಯ ಗುಂಪಿನಲ್ಲಿ ನೂರಕ್ಕೆ 86, ಪರೀಕ್ಷೆ ನೋಡಿ ತೀರ್ಮಾನಿಸಿದ ಗುಂಪಿನಲ್ಲಿ 72. ಬದುಕಿ ಉಳಿದವರ ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ ಎನ್ನುವುದು ನಿಜ. ಆದರೂ ‘ಎಂಆರ್‌ಡಿ ಇಲ್ಲ, ಔಷಧ ಸಾಕು’ ಎನ್ನುವ ಸೂತ್ರ ಅಲ್ಲಿ ನಿಲ್ಲಲಿಲ್ಲ.

ಮ್ಯಾಂಟಲ್ ಸೆಲ್‌ನಲ್ಲಿ ಬೇರೆಯಾಯಿತು. ಇಎ-4151 ಎಂಬ ಅಮೆರಿಕದ ಪ್ರಯೋಗ ಕೇಳಿದ್ದು ಇಷ್ಟು: ಹತ್ತು ಲಕ್ಷಕ್ಕೆ ಒಂದರ ಆಳಕ್ಕೂ ಉಳಿಕೆ ಸಿಗದವರಿಗೆ, ಮೈಯನ್ನು ಹಿಂಡಿ ಹಾಕುವ ಸ್ವಂತ ಕಾಂಡಕೋಶ ಕಸಿ ಬೇಕೇ, ಇಲ್ಲ ರಿಟುಕ್ಸಿಮ್ಯಾಬ್ ಮಾತ್ರ ಸಾಕೇ? 2024ರ ಡಿಸೆಂಬರಿನಲ್ಲಿ ಮಂಡಿಸಿದ ಫಲಿತಾಂಶದಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಕಸಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 82.1, ಮಾಡಿಸದವರಲ್ಲಿ 82.7. ಇಲ್ಲಿ ಪರೀಕ್ಷೆಯ ‘ಇಲ್ಲ’ ಅನೇಕರನ್ನು ಕಸಿಯಿಂದ ಉಳಿಸುವ ದಾರಿ ತೋರಿಸಿದೆ. ಇದೇ ಕಾಯಿಲೆಯಲ್ಲಿ ನಾರ್ಡಿಕ್ ದೇಶಗಳವರು ರೋಗಿಗೆ ಏನೂ ತೊಂದರೆ ಕಾಣಿಸುವ ಮೊದಲೇ, ರಕ್ತದಲ್ಲಿ ಅಥವಾ ಮಜ್ಜೆಯಲ್ಲಿ ಗುರುತು ಮರಳಿದ ಕೂಡಲೇ ರಿಟುಕ್ಸಿಮ್ಯಾಬ್ ಕೊಟ್ಟು, ಹೆಚ್ಚಿನವರಲ್ಲಿ ಆ ಗುರುತು ಮತ್ತೆ ಅಳಿಸಿಹೋಗುವುದನ್ನು ಕಂಡಿದ್ದಾರೆ. ಒಂದೇ ಬಗೆಯ ರಿಪೋರ್ಟು ಒಂದು ಕಾಯಿಲೆಯಲ್ಲಿ ‘ನಿಲ್ಲಿಸಬೇಡಿ’ ಎನ್ನುತ್ತದೆ, ಇನ್ನೊಂದರಲ್ಲಿ ‘ಇಷ್ಟು ಸಾಕು’ ಎನ್ನುತ್ತದೆ. ಈ ಕಾಗದ ಹಿಡಿದು ನೆರೆಮನೆಯವರ ಕಾಗದಕ್ಕೆ ಹೋಲಿಸಿಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ರೋಗಿಯ ಕಡೆಯವರು ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ರಕ್ತ ತೆಗೆಯುವ ಟ್ಯೂಬು ಮೊದಲನೆಯದು. ಸಾಮಾನ್ಯ ಇಡಿಟಿಎ ಟ್ಯೂಬಿನಲ್ಲಿ ತೆಗೆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು, ಇಲ್ಲದಿದ್ದರೆ ಬಿಳಿ ರಕ್ತಕಣಗಳು ಟ್ಯೂಬಿನಲ್ಲೇ ಒಡೆದು ತಮ್ಮ ಡಿಎನ್‌ಎ ಸುರಿದು ಗುರುತನ್ನು ಮುಳುಗಿಸುತ್ತವೆ. ಬೀದರಿನಲ್ಲೋ ಕಾರವಾರದಲ್ಲೋ ತೆಗೆದ ರಕ್ತ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದಾದರೆ, ಕೋಶಗಳನ್ನು ದಿನಗಟ್ಟಲೆ ಕಾಪಾಡುವ ವಿಶೇಷ ಟ್ಯೂಬು ಬೇಕೆಂದು ಲ್ಯಾಬಿನವರನ್ನು ಮೊದಲೇ ಕೇಳಿ. ಹಿಂದಿನ ಪರೀಕ್ಷೆ ಮಜ್ಜೆಯದಾಗಿದ್ದರೆ ಈಗಿನದನ್ನು ರಕ್ತದಲ್ಲಿ ಮಾಡಿ ಎರಡನ್ನೂ ಒಂದೇ ಗೆರೆಯ ಮೇಲೆ ಓದಬಾರದು. ರಿಟುಕ್ಸಿಮ್ಯಾಬ್ ರಕ್ತವನ್ನು ಬೇಗ ಚೊಕ್ಕ ಮಾಡುತ್ತದೆ, ಮಜ್ಜೆಯನ್ನು ಅಷ್ಟು ಬೇಗ ಅಲ್ಲ. ಸಾಧ್ಯವಾದಷ್ಟೂ ಅದೇ ಲ್ಯಾಬು, ಅದೇ ವಿಧಾನ ಇರಲಿ. ಒಂದು ಬಾರಿಯ ಅಂಕಿಗಿಂತ ಮೂರು ಬಾರಿಯ ಏರಿಳಿತ ಹೆಚ್ಚು ಹೇಳುತ್ತದೆ.

ಇದಕ್ಕೆಲ್ಲ ಮೊದಲು ಆಗಬೇಕಾದ ಕೆಲಸವೊಂದಿದೆ, ಅದನ್ನು ನಮ್ಮ ಮನೆಯಲ್ಲಿ ಮರೆತಿದ್ದೆವು. ನಮ್ಮ ದೊಡ್ಡಪ್ಪನ ಕಂಕುಳಿನ ಗಂಟು ತೆಗೆಸಿದ್ದು ಊರಿನ ಸಣ್ಣ ಆಸ್ಪತ್ರೆಯಲ್ಲಿ. ರಿಪೋರ್ಟು ಬಂತು, ಸ್ಲೈಡುಗಳಿದ್ದ ಕವರನ್ನು ದೊಡ್ಡಮ್ಮ ಬೀರುವಿನಲ್ಲಿ ಇಟ್ಟರು. ನಾಲ್ಕು ವರ್ಷದ ಮೇಲೆ ಬೆಂಗಳೂರಿನಲ್ಲಿ ‘ಮೊದಲಿನ ಬ್ಲಾಕ್ ತನ್ನಿ’ ಎಂದಾಗ ಅದೇನೆಂದೇ ನಮಗೆ ಗೊತ್ತಿರಲಿಲ್ಲ. ಲ್ಯಾಬಿನವರು ಹುಡುಕಿ, ಹಳೆಯದನ್ನೆಲ್ಲ ತೆಗೆದುಹಾಕಿದ್ದಾಗಿ ಹೇಳಿದರು. ಯಾವ ಗುರುತನ್ನು ಹುಡುಕಬೇಕು ಎಂಬುದು ಆ ಬ್ಲಾಕಿನಲ್ಲಿತ್ತು. ಅದಿಲ್ಲದೆ ಎಂಆರ್‌ಡಿ ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು.

ಬ್ಲಾಕ್ ಎಂದರೆ ಗಂಟಿನ ತುಂಡನ್ನು ಫಾರ್ಮಲಿನ್‌ನಲ್ಲಿ ಹದಮಾಡಿ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ಸಣ್ಣ ಚೌಕ, ಪ್ಲಾಸ್ಟಿಕ್ ಕ್ಯಾಸೆಟ್ಟಿನ ಮೇಲೆ ಬಯಾಪ್ಸಿ ನಂಬರು ಬರೆದಿರುತ್ತದೆ. ಸ್ಲೈಡು ಅದರಿಂದ ಹೆರೆದ ಪದರವಷ್ಟೇ. ಬ್ಲಾಕನ್ನು ಕೇಳಿ ಪಡೆಯಬಹುದು. ರಶೀದಿಗೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ತಂದ ಮೇಲೆ ಬಿಸಿಲಿಗೆ, ಒಲೆಯ ಬಳಿ, ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ, ಮೇಣ ಕರಗುತ್ತದೆ. ಮೊದಲ ಕೀಮೋ ಹನಿ ಮೈಗೆ ಇಳಿಯುವ ಮುಂಚೆಯೇ ಒಂದು ಟ್ಯೂಬು ರಕ್ತವನ್ನೂ ತೆಗೆದು ಪ್ಲಾಸ್ಮಾ ಬೇರ್ಪಡಿಸಿ ಇಡಲು ಸಾಧ್ಯವೇ ಎಂದು ಅಂದೇ ಕೇಳಿ. ಮರುದಿನಕ್ಕೆ ಆ ರಕ್ತ ಮತ್ತೆ ಸಿಗುವುದಿಲ್ಲ.